ಮುಖದ ಕಲೆಯಷ್ಟೇ ಅಲ್ಲ: ಲೂಪಸ್ ರೋಗದ ಬಗ್ಗೆ ಸದಸ್ಯರು ತಿಳಿದಿರಬೇಕಾದ ಅಂಶಗಳು

ಮೂಗಿನ ಮೇಲೂ ಎರಡು ಕೆನ್ನೆಗಳ ಮೇಲೂ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಮೂಡುವ ಕೆಂಪು ಕಲೆಯನ್ನು ಗ್ರಾಮಗಳಲ್ಲಿ ಬಂಗು ಎಂದೋ ದೇವರ ಮುನಿಸು ಎಂದೋ ಭಾವಿಸುವುದುಂಟು. ಅದು ಲೂಪಸ್ ರೋಗದ ಲಕ್ಷಣವೂ ಆಗಿರಬಹುದು.

ಸೋಂಕಿನಿಂದ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಅಂಗಗಳ ಮೇಲೆ ದಾಳಿ ಮಾಡುವುದು ಈ ರೋಗದ ಸ್ವರೂಪ. ಬೇಲಿಯೇ ಎದ್ದು ಹೊಲ ಮೇಯ್ದಂತಹ ಸ್ಥಿತಿ ಇದು. ರೋಗಿಗಳ ಪೈಕಿ 10ರಲ್ಲಿ ಸುಮಾರು 9 ಮಂದಿ ಮಹಿಳೆಯರು. ಹೆಚ್ಚಿನವರಲ್ಲಿ 15ರಿಂದ 45 ವರ್ಷದೊಳಗೆ ರೋಗ ಕಾಣಿಸಿಕೊಳ್ಳುತ್ತದೆ. ಇದು ಅಂಟುರೋಗವಲ್ಲ, ಮುಟ್ಟುವುದರಿಂದಾಗಲಿ, ಸಹಭೋಜನದಿಂದಾಗಲಿ ಹರಡುವುದಿಲ್ಲ.

ಚರ್ಮದ ಮೇಲಿನ ಕಲೆಗಳು ಬಿಸಿಲಿಗೆ ಉಲ್ಬಣಿಸುತ್ತವೆ. ಕೆಲವರಲ್ಲಿ ನಾಣ್ಯದಾಕಾರದ ಗಾಯಗಳಾಗಿ ಗುರುತು ಉಳಿಯುತ್ತದೆ. ಅವು ನೆತ್ತಿಯಲ್ಲಾದರೆ ಆ ಜಾಗದಲ್ಲಿ ಕೂದಲು ಮತ್ತೆ ಬೆಳೆಯದಿರಬಹುದು. ಬಾಯಿಹುಣ್ಣು, ಕೀಲುನೋವು, ಬಿಡದ ಜ್ವರ, ವಿಪರೀತ ಸುಸ್ತು, ರಕ್ತಹೀನತೆ, ದೀರ್ಘವಾಗಿ ಉಸಿರೆಳೆದಾಗ ಎದೆನೋವು ಹಾಗೂ ಪದೇಪದೇ ಗರ್ಭಪಾತ ಇತರ ಲಕ್ಷಣಗಳು.

ಅತ್ಯಂತ ಗಂಭೀರವಾದುದು ಮೂತ್ರಪಿಂಡದ ಹಾನಿ. ಆರಂಭದಲ್ಲಿ ಅದಕ್ಕೆ ನೋವಿರುವುದಿಲ್ಲ. ಮೂತ್ರದಲ್ಲಿ ನೊರೆ, ಕಾಲು ಹಾಗೂ ಕಣ್ಣಿನ ಸುತ್ತ ಊತ, ಅಧಿಕ ರಕ್ತದೊತ್ತಡ ಕಾಣಿಸುವ ವೇಳೆಗೆ ಹಾನಿ ಮುಂದುವರಿದಿರುತ್ತದೆ. ಔಷಧಿ ಅಂಗಡಿಯ ಮುಲಾಮಿನಿಂದ ಕಲೆ ತಿಳಿಯಾದರೂ ಒಳಗಿನ ಹಾನಿ ನಿಲ್ಲುವುದಿಲ್ಲ.

ಲೂಪಸ್ ಸಂಪೂರ್ಣ ವಾಸಿಯಾಗದಿದ್ದರೂ ಹತೋಟಿಯಲ್ಲಿಡಬಹುದಾದ ರೋಗ. ಹೈಡ್ರಾಕ್ಸಿಕ್ಲೋರೊಕ್ವಿನ್ ಮುಖ್ಯ ಔಷಧಿ. ಇದನ್ನು ಸೇವಿಸುವವರು ವೈದ್ಯರು ಸೂಚಿಸಿದಂತೆ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳಬೇಕು. ಸ್ಟೀರಾಯ್ಡ್ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದು ಪ್ರಾಣಾಪಾಯಕಾರಿ. ಗರ್ಭಧಾರಣೆಗೆ ಮುನ್ನ ವೈದ್ಯರ ಸಲಹೆ ಅಗತ್ಯ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು:

1. ಕಲೆಯೊಂದಿಗೆ ಕೀಲುನೋವು, ಜ್ವರ ಅಥವಾ ಊತವಿರುವವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ಮೂತ್ರ ಹಾಗೂ ರಕ್ತದೊತ್ತಡ ಪರೀಕ್ಷೆ ಮಾಡಿಸುವುದು. ಹೆಚ್ಚಿನ ರಕ್ತಪರೀಕ್ಷೆಗಳಿಗೆ ವೈದ್ಯರ ಶಿಫಾರಸಿನಂತೆ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ತೆರಳಲು ನೆರವಾಗುವುದು.

2. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ರೋಗಿಯನ್ನು ಕೈಬಿಡದೆ, ನೀರು ಪೂರೈಕೆ ಅಥವಾ ಮಕ್ಕಳನ್ನು ನೋಡಿಕೊಳ್ಳುವಂತಹ ನೆರಳಿನ ಕೆಲಸ ವಹಿಸುವುದು. ತುಂಬುತೋಳಿನ ಉಡುಪು ಹಾಗೂ ಛತ್ರಿ ಬಳಸಲು ತಿಳಿಸುವುದು.

3. ರೋಗ ಅಂಟುವುದಿಲ್ಲವೆಂಬುದನ್ನು ಗ್ರಾಮಸಭೆಯಲ್ಲಿ ರೋಗಿಯ ಹೆಸರು ಹೇಳದೆ ತಿಳಿಸುವುದು.

ಕಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂತ್ರಪಿಂಡದ ಹಾನಿ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಆದ್ದರಿಂದ ಕಲೆ ಕಂಡಾಗಲೇ ಪರೀಕ್ಷೆಗೆ ಕಳುಹಿಸುವುದು ಸೂಕ್ತ.