ಭಾಷಾ ಕಲಿಕೆ: ಯಂತ್ರದ ನೆರವು, ಮನೆಯ ಹೊಣೆ

ಜಪಗಳನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ, ಆದರೆ ಪ್ರಾರ್ಥನಾ ಪುಸ್ತಕವನ್ನು ತೆರೆದು ಓದಲಾರದ ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿ ಹೆಚ್ಚುತ್ತಿದ್ದಾರೆ. ಪ್ರಥಮ ಪರಮಪ್ರಸಾದದ ಸಿದ್ಧತೆಗೆ ಬರುವ ಕೆಲವರು ಕನ್ನಡದ ಜಪವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಬರುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನಾ ವಿಧಿಯಲ್ಲಿ ದೇಶಭಾಷೆಗಳ ಬಳಕೆಗೆ ಅವಕಾಶವಿತ್ತದ್ದು ಜನರು ಅರಿತು ಭಾಗವಹಿಸಲೆಂದು. ಆ ದೇಶಭಾಷೆಯೇ ಈಗ ನಮ್ಮ ಕೆಲವು ಮಕ್ಕಳಿಗೆ ಲತೀನ್ ಆಗುತ್ತಿದೆ.

ಈ ಚಿಂತೆಯನ್ನು ಹೊತ್ತೇ ನಾವು ಇತ್ತೀಚೆಗೆ ಭಾಷಾ ಶಿಕ್ಷಕರ ಸಮಾವೇಶವೊಂದರಲ್ಲಿ ಪಾಲ್ಗೊಂಡೆವು. ಅಂತರ್ಜಾಲದಲ್ಲಿ ದೊರೆಯುವ ಕಲಿಕಾ ಸಾಧನಗಳ ಪರಿಚಯವೇ ಅಲ್ಲಿನ ಮುಖ್ಯ ವಿಷಯ. ಹಲವನ್ನು ತೋರಿಸಿದರು, ಕೆಲವು ಬರಿಯ ಆಟಿಕೆಗಳೆನಿಸಿದವು. ಎರಡು ಮಾತ್ರ ಮನಸ್ಸಿನಲ್ಲಿ ನಿಂತವು.

ಮೊದಲನೆಯದು ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಶ್ರಮಿಸಿ ಸಂಗ್ರಹಿಸಿದ ಒಂದೂವರೆ ಲಕ್ಷ ಪದಗಳು 2019ರಿಂದ ಎಲ್ಲರಿಗೂ ಉಚಿತವಾಗಿ ಲಭ್ಯವಿವೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ರೆವೆರೆಂಡ್ ಕಿಟ್ಟೆಲರ ಬೃಹತ್ ನಿಘಂಟನ್ನು ಎರಡು ಕೈಗಳಲ್ಲಿ ಎತ್ತಿಕೊಂಡು ಬಲ್ಲವರಿಗೆ, ಇಷ್ಟೊಂದು ಪದಗಳು ಅಂಗೈಯಲ್ಲಿ ಕುಳಿತಿರುವುದು ಸಣ್ಣ ಬೆರಗಲ್ಲ. ಕಿಟ್ಟೆಲರು ಬಾಸೆಲ್ ಮಿಶನ್ನಿನವರು, ನಮ್ಮ ಸಭೆಯವರಲ್ಲ. ಆದರೂ ಅವರ ದುಡಿಮೆಯ ಫಲವನ್ನು ಉಂಡವರಲ್ಲಿ ನಮ್ಮ ಗುರುಗಳೂ ಸೇರಿದ್ದಾರೆ.

ಎರಡನೆಯದು ‘ಆಂಕಿ’. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅವರು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾವೇ ಕಂಠಪಾಠ ಮಾಡಿ, ಎಷ್ಟು ಹೊತ್ತಿನಲ್ಲಿ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕಲಿತದ್ದು ಮೊದಲು ಬೇಗಬೇಗನೆ ಜಾರಿಹೋಗುತ್ತದೆ. ಬಿಡುವು ಕೊಟ್ಟು ಮತ್ತೆ ನೆನೆದರೆ ನಿಲ್ಲುತ್ತದೆ. ಆಂಕಿ ಮಾಡುವುದು ಇಷ್ಟೇ. ಒಂದು ಚೀಟಿಯ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ. ನೆನಪಿದ್ದರೆ ಆ ಚೀಟಿ ಕೆಲವು ದಿನಗಳ ನಂತರ ಬರುತ್ತದೆ, ಮರೆತರೆ ಕೂಡಲೇ ಮರಳುತ್ತದೆ. ಚೀಟಿಗೆ ಚಿತ್ರವನ್ನೂ ನಮ್ಮದೇ ಧ್ವನಿಯನ್ನೂ ಸೇರಿಸಬಹುದು.

ಇದರ ನಿಜವಾದ ಬೆಲೆ ನಮಗೆ ತಿಳಿದುದು ವೇದಿಕೆಯ ಮೇಲಿನ ಉಪನ್ಯಾಸದಿಂದಲ್ಲ, ಊಟದ ವೇಳೆ ಪಕ್ಕದಲ್ಲಿ ಕುಳಿತಿದ್ದ ಜಾರ್ಖಂಡ್ ಮೂಲದ ಕನ್ಯಾಸ್ತ್ರೀಯೊಬ್ಬರಿಂದ. ಹಳ್ಳಿಯ ಚಿಕಿತ್ಸಾಲಯವೊಂದರಲ್ಲಿ ಅವರ ಸೇವೆ. ಪುಸ್ತಕದಿಂದ ‘ವಾಕರಿಕೆ’, ‘ಜ್ವರ’ ಎಂದು ಕಲಿತಿದ್ದರು. ಬಂದ ಹೆಂಗಸರು ‘ಹೊಟ್ಟೆ ತೊಳಸ್ತದೆ’, ‘ಮೈ ಬೆಚ್ಚಗಿದೆ’, ‘ಜೀವ ಝಲ್ ಅಂತದೆ’ ಎನ್ನುತ್ತಿದ್ದರು. ಆಗ ಅವರು ಅಡುಗೆಯ ತಾಯಿಯ ಧ್ವನಿಯಲ್ಲಿ ಇಂಥ ಮಾತುಗಳನ್ನೆಲ್ಲ ದಾಖಲಿಸಿ ಚೀಟಿಗಳಿಗೆ ಸೇರಿಸಿಕೊಂಡರು. ‘ಬಲಿ’ಗೂ ‘ಬಳಿ’ಗೂ, ‘ಹಲ್ಲಿ’ಗೂ ‘ಹಳ್ಳಿ’ಗೂ ಇರುವ ಅಂತರವು ಕಿವಿಗೆ ಹತ್ತಿದ್ದೂ ಹಾಗೆಯೇ. (ಬಲಿಪೂಜೆಯ ವಾಚನಗಳಲ್ಲಿ ‘ಹರಸು’ ಎಂಬುದನ್ನು ‘ಅರಸು’ ಎಂದೋದುವ ಅಚ್ಚಕನ್ನಡಿಗರೂ ನಮ್ಮಲ್ಲಿದ್ದಾರೆ, ಅದಿರಲಿ.)

ಯಂತ್ರಾನುವಾದದ ಕುರಿತು ಸಮಾವೇಶದಲ್ಲಿ ಕಂಡ ಉತ್ಸಾಹ ನಮಗೆ ಅಷ್ಟಾಗಿ ಹಿಡಿಸಲಿಲ್ಲ. ಗೂಗಲ್ ಅನುವಾದದಲ್ಲಿ 2011ರಿಂದ ಕನ್ನಡವಿದೆ. 2022ರಲ್ಲಿ ಕೊಂಕಣಿ, 2024ರಲ್ಲಿ ತುಳು ಸೇರಿದವು. ಸಂತೋಷವೇ. ಆದರೆ ಆ ಕೊಂಕಣಿ ಮೂಡುವುದು ದೇವನಾಗರಿಯಲ್ಲಿ; ಕನ್ನಡ ಲಿಪಿಯಲ್ಲಿ ಕೊಂಕಣಿ ಓದುವ ಕರಾವಳಿಯ ಮನೆಗಳಿಗೆ ಅದರಿಂದ ಅರ್ಧ ಪ್ರಯೋಜನ. ಇಂಗ್ಲಿಷಿನ ‘ಯೂ’ ಎಂಬುದು ‘ನೀನು’ ಆಗಬೇಕೋ ‘ನೀವು’ ಆಗಬೇಕೋ, ‘ಅಂಕಲ್’ ಎಂದರೆ ಚಿಕ್ಕಪ್ಪನೋ ಸೋದರಮಾವನೋ ಎಂಬುದನ್ನು ಯಂತ್ರ ಊಹಿಸಬೇಕು. ಮನೆಯಲ್ಲಿ ಬೆಳೆದ ಮಗುವಿಗೆ ಈ ಊಹೆಯ ಅಗತ್ಯವೇ ಬೀಳದು.

ಸಂತ ಅಗಸ್ಟೀನರು ತಮ್ಮ ‘ಕನ್ಫೆಷನ್ಸ್’ ಗ್ರಂಥದಲ್ಲಿ ತಮ್ಮ ಬಾಲ್ಯದ ಭಾಷಾಭ್ಯಾಸವನ್ನು ನೆನೆಯುತ್ತಾರೆ. ದಾದಿಯರ ಮುದ್ದುಮಾತು, ನಗು, ಆಟಗಳ ನಡುವೆ ಲತೀನ್ ಸಲೀಸಾಗಿ ಬಂತು. ದಂಡನೆಯ ಭಯದಲ್ಲಿ ಕಲಿಸಿದ ಗ್ರೀಕ್ ಕಹಿಯಾಯಿತು. ಅಲರ್ ಆಗಲಿ ಆಂಕಿಯಾಗಲಿ ಮಗುವಿಗೆ ನೆನಪಿನ ನೆರವನ್ನು ಕೊಡಬಲ್ಲವು. ಆ ನುಡಿಯಲ್ಲಿ ಮಾತನಾಡಲು ಎದುರಿಗೊಬ್ಬರನ್ನು ಕೂರಿಸಲಾರವು. ಫೋನನ್ನು ಮಗುವಿನ ಕೈಗಿತ್ತು ‘ಕನ್ನಡ ಕಲಿ’ ಎಂದು ತಾವು ಇಂಗ್ಲಿಷಿನಲ್ಲೇ ಮಾತು ಮುಂದುವರಿಸುವ ತಂದೆತಾಯಿಯರು ಇದನ್ನು ಗಮನಿಸಬೇಕು.

ಈ ಬೇಸಿಗೆಯ ಧರ್ಮೋಪದೇಶ ತರಗತಿಗಳಿಗೆ ಬರುವ ಮಕ್ಕಳು ಮನೆಯ ಹಿರಿಯರೊಬ್ಬರ ಧ್ವನಿಯಲ್ಲಿ ವಾರಕ್ಕೆ ಹತ್ತು ಪದಗಳನ್ನು ದಾಖಲಿಸಿ ತರಬೇಕೆಂದು ಕೇಳಿಕೊಂಡಿದ್ದೇವೆ. ಅಡುಗೆ, ಹೊಲ, ಹಬ್ಬ, ಪ್ರಾರ್ಥನೆ, ಯಾವುದಾದರೂ ಸರಿ. ಅಜ್ಜಿ ಊರಿನಲ್ಲಿದ್ದರೆ ದೂರವಾಣಿಯಲ್ಲಿ ಕೇಳಿ ಬರೆಯಲಿ. ಅಂಥ ಫೋನು ಇಲ್ಲದ ಮನೆಯವರು ಸಂಕೋಚಪಡಬೇಕಿಲ್ಲ. ಜರ್ಮನಿಯ ಲೈಟ್ನರ್ ಎಂಬವರು 1970ರ ದಶಕದಲ್ಲೇ ಇದನ್ನು ಕಾಗದದಲ್ಲಿ ಮಾಡಿ ತೋರಿಸಿದ್ದರು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿ, ಮೂರು ಡಬ್ಬಿಗಳನ್ನಿಡಿ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲನೆಯದಕ್ಕೆ. ಮೊದಲ ಡಬ್ಬಿಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಕೊನೆಯದನ್ನು ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ ತೆರೆದರೆ ಸಾಕು.