ಕಪ್ಪುಕುಳಿಯೂ ಐದನೆಯ ಬಲವೂ

ಬೀದರದ ಬಿದರಿ ಕೆಲಸವನ್ನು ಕಂಡರಿಯದ ಕನ್ನಡಿಗರು ವಿರಳ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಮೈಯಲ್ಲಿ ಬೆಳ್ಳಿಯ ಎಳೆಗಳನ್ನು ಕೂಡಿಸಿ, ಹಳೆಯ ಕೋಟೆಯ ಮಣ್ಣು ಮತ್ತು ನವಸಾಗರಗಳ ದ್ರಾವಣದಲ್ಲಿ ಕಪ್ಪೇರಿಸಿದ ಹೂದಾನಿಯೊಂದು ಮೇಜಿನಿಂದ ಜಾರಿ ಬಿತ್ತೆನ್ನೋಣ. ಅದರ ಸತುವೂ ಬೆಳ್ಳಿಯೂ ಒಂದೇ ವೇಗದಿಂದ ನೆಲವನ್ನು ಸೇರುವುವೆ? ಹೀಗೆ ಕೇಳಿದವನನ್ನು ಮರುಳನೆಂದು ಬಗೆಯುವವರೇ ಹೆಚ್ಚು. ವಸ್ತು ಯಾವುದಾದರೇನು, ಭೂಮಿಯ ಸೆಳೆತದಲ್ಲಿ ಪಂಕ್ತಿಭೇದವಿಲ್ಲವೆಂಬುದು ಗೆಲಿಲಿಯೋವಿನ ಕಾಲದಿಂದ ನಡೆದುಬಂದ ಪಾಠ. ಆದರೆ ೧೯೮೬ರಲ್ಲಿ ಇದೇ ಪ್ರಶ್ನೆಯು ಭೌತವಿಜ್ಞಾನಿಗಳ ನಿದ್ದೆಗೆಡಿಸಿತು.

ಹಂಗೇರಿಯ ಬ್ಯಾರನ್ ಎಟ್ವೋಷ್ ಬಗೆಬಗೆಯ ವಸ್ತುಗಳನ್ನು ತೂಗಿನೋಡಿ ಬರೆದಿಟ್ಟ ಅಂಕಿಗಳು ಅವನು ಗತಿಸಿದ ಮೇಲೆ, ೧೯೨೨ರಲ್ಲಿ, ಅಚ್ಚಾಗಿದ್ದುವು. ಅವನ್ನು ಅಮೆರಿಕದ ಎಫ್ರೇಯಿಂ ಫಿಷ್‌ಬ್ಯಾಕ್ ಮತ್ತು ಸಂಗಡಿಗರು ಮತ್ತೆ ಲೆಕ್ಕಹಾಕಿದಾಗ, ವಸ್ತುವಿನಿಂದ ವಸ್ತುವಿಗೆ ಅತಿಸೂಕ್ಷ್ಮವಾದ ವ್ಯತ್ಯಾಸವೊಂದು ಕಂಡಂತಾಯಿತು. ಲೋಕವನ್ನು ನಡೆಸುವ ಬಲಗಳು ನಾಲ್ಕು: ಗುರುತ್ವ, ವಿದ್ಯುತ್ಕಾಂತ ಬಲ, ಪರಮಾಣುಬೀಜದೊಳಗಿನ ಪ್ರಬಲ ಮತ್ತು ದುರ್ಬಲ ಬಲಗಳು. ಇವಲ್ಲದೆ ಐದನೆಯದೊಂದು ಉಂಟೆಂದು ಅವರು ಊಹಿಸಿದರು. ಅದು ಸೆಳೆಯುವುದಲ್ಲ, ತಳ್ಳುವುದು. ಶಕ್ತಿಯಲ್ಲಿ ಗುರುತ್ವದ ನೂರರಲ್ಲೊಂದು ಪಾಲು. ಕೆಲವು ನೂರು ಮೀಟರುಗಳಾಚೆ ಅದರ ಆಟ ಸಾಗದು. ಪತ್ರಿಕೆಗಳು ಇದನ್ನು ಡಂಗುರ ಹೊಡೆದುವು.

ಪರೀಕ್ಷೆಗೆ ಹೊರಟವರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ರಮಾನಾಥ ಕೌಶಿಕ್, ಎನ್. ಕೃಷ್ಣನ್, ಎಸ್. ಎನ್. ಟಂಡನ್, ಸಿ. ಎಸ್. ಉಣ್ಣಿಕೃಷ್ಣನ್ ಅವರೂ ಇದ್ದರು. ಅವರು ಆರಿಸಿಕೊಂಡ ಸ್ಥಳ ಗೌರಿಬಿದನೂರು. ನೆಲದ ಸದ್ದಡಗಿದ ಆ ಸೀಮೆಯಲ್ಲಿ ೧೯೬೫ರಿಂದಲೇ ಭೂಕಂಪಮಾಪಕಗಳ ಸಾಲೊಂದಿತ್ತು. ಅಲ್ಲಿ ನೆಲದಡಿಯಲ್ಲಿ, ಗಾಳಿ, ಬಿಸಿಲು, ಬಂಡಿಗಳ ಅದುರು ಮುಟ್ಟದಂತೆ, ಸಣ್ಣ ಎಳೆಯೊಂದರಿಂದ ತಿರುಚುತಕ್ಕಡಿಯನ್ನು ತೂಗುಬಿಟ್ಟರು. ತೂಗುವ ವಸ್ತುವಿನಲ್ಲಿ ಬೇರೆ ಬೇರೆ ದ್ರವ್ಯಗಳ ಭಾಗಗಳಿದ್ದುವು. ಹೊರಗಿನ ಬಲ ಇವುಗಳಲ್ಲಿ ಭೇದವೆಣಿಸಿದರೆ ಎಳೆಯು ಕಿಂಚಿತ್ತಾದರೂ ತಿರುಚಿಕೊಳ್ಳಲೇಬೇಕು. ೧೯೮೮ರಲ್ಲಿಯೂ ೧೯೯೦ರಲ್ಲಿಯೂ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಫಲಿತಾಂಶಗಳು ಪ್ರಕಟವಾದುವು: ಹೇಳಿದಷ್ಟು ಶಕ್ತಿಯ ಐದನೆಯ ಬಲವು ಕಾಣಲಿಲ್ಲ. ಬೇರೆ ದೇಶಗಳ ಪ್ರಯೋಗಶಾಲೆಗಳಿಂದಲೂ ಕ್ರಮೇಣ ಇದೇ ಮಾತು ಬಂದಿತು. ‘ಇಲ್ಲ’ ಎಂದು ಸಿದ್ಧಪಡಿಸಿದವನಿಗೆ ಹಾರತುರಾಯಿಗಳು ಸಲ್ಲುವುದು ಕಡಿಮೆ. ಆದರೆ ಅಷ್ಟು ನಿಖರವಾಗಿ ‘ಇಲ್ಲ’ ಎನ್ನುವುದು ‘ಉಂಟು’ ಎನ್ನುವುದಕ್ಕಿಂತ ಕಷ್ಟದ ಕೆಲಸ.

ಅಜ್ಞಾತ ಬಲದ ಆಸೆಯು ಮತ್ತೊಂದು ಎಡೆಯಲ್ಲಿಯೂ ತಲೆಯೆತ್ತುತ್ತದೆ. ಅದು ಕಪ್ಪುಕುಳಿಯ ಒಡಲು. ಉರುವಲು ತೀರಿದ ನಕ್ಷತ್ರವು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಸೂರ್ಯನ ಸುಮಾರು ೧.೪ರಷ್ಟು ದ್ರವ್ಯದವರೆಗೆ ಎಲೆಕ್ಟ್ರಾನುಗಳ ಒತ್ತಡವು ಕುಸಿತವನ್ನು ತಡೆಯಬಲ್ಲುದೆಂಬ ಲೆಕ್ಕ ಚಂದ್ರಶೇಖರರದು. ಅದನ್ನು ಮೀರಿದರೆ ನ್ಯೂಟ್ರಾನುಗಳು ಹೆಗಲು ಕೊಡುತ್ತವೆ. ಅವೂ ಸೋತರೆ ಕುಸಿತಕ್ಕೆ ಅಡ್ಡಬರುವ ಬಲವಾವುದೂ ತಿಳಿದಿಲ್ಲ. ಇನ್ನೂ ಕಂಡುಹಿಡಿಯದ ಬಲವೊಂದು ಒಳಗೆ ನಿಂತು ದ್ರವ್ಯವನ್ನು ಕಾಪಾಡಬಾರದೇಕೆ?

ಭೂಪಟದಲ್ಲಿ ಬೀದರ, ಭಾಲ್ಕಿ, ಔರಾದುಗಳನ್ನು ಮುಟ್ಟಿ ಹಾಯುವಂತೆ ಒಂದು ವೃತ್ತವನ್ನೆಳೆಯಿರಿ. ಅದರ ತ್ರಿಜ್ಯ ಹೆಚ್ಚುಕಡಿಮೆ ೨೧ ಕಿಲೋಮೀಟರು. ಏಳು ಸೂರ್ಯರಷ್ಟು ದ್ರವ್ಯವುಳ್ಳ, ತಿರುಗದ ಕಪ್ಪುಕುಳಿಯ ಎಲ್ಲೆಯೂ ಅಷ್ಟೇ. ಆ ಎಲ್ಲೆಯೊಳಗೆ ಕಾಲಿಟ್ಟವನಿಗೆ ನಡುವೆಂಬುದು ದೂರದ ಊರಲ್ಲ, ಬರಲಿರುವ ಗಳಿಗೆ. ಔರಾದಿನವರು ಭಾಲ್ಕಿಯ ಬಸ್ಸನ್ನು ತಪ್ಪಿಸಿಕೊಳ್ಳಬಹುದು. ನಾಳೆಯ ದಿನವನ್ನು ತಪ್ಪಿಸಿಕೊಳ್ಳಲಾರರು. ಆ ಗಳಿಗೆ ಬರುವುದಕ್ಕೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು ಸಾಕು. ಎಷ್ಟೇ ಹೆಣಗಿದರೂ ಆ ಕಾಲವು ಇದಕ್ಕಿಂತ ಹಿಗ್ಗದು. ಎಂತಹ ಪ್ರಬಲವಾದ ತಳ್ಳುಬಲವೂ ಇಲ್ಲಿ ನಿರುಪಯುಕ್ತವೆನ್ನುವುದಕ್ಕೆ ಐನ್‌ಸ್ಟೈನರ ಸಿದ್ಧಾಂತದಲ್ಲಿ ಇನ್ನೊಂದು ಕಾರಣವೂ ಉಂಟು: ಒತ್ತಡವೂ ಭಾರದಂತೆ ಸೆಳೆತವನ್ನು ಹುಟ್ಟಿಸುತ್ತದೆ. ತಡೆಯಹೊರಟ ಕೈಯೇ ಕುಸಿತವನ್ನು ನೂಕುತ್ತದೆ!

ಕಲ್ಕತ್ತೆಯ ಅಮಲ್ ಕುಮಾರ್ ರಾಯಚೌಧುರಿಯವರು ೧೯೫೫ರಲ್ಲಿ ಪ್ರಕಟಿಸಿದ ಸಮೀಕರಣವೂ ೧೯೬೫ರಲ್ಲಿ ರೋಜರ್ ಪೆನ್‌ರೋಸ್ ಕೊಟ್ಟ ಪ್ರಮೇಯವೂ ಇದನ್ನು ಗಟ್ಟಿಮಾಡಿದುವು. ದ್ರವ್ಯದ ನಡತೆ ಸಾಮಾನ್ಯವಾದುದಾದರೆ ಕುಸಿತಕ್ಕೆ ತಡೆಯಿಲ್ಲ. ಕೊಟ್ಟಕೊನೆಯ ಗಳಿಗೆಯಲ್ಲಿ ಮಾತ್ರ ಸಿದ್ಧಾಂತವೇ ಮೂಕವಾಗುತ್ತದೆ. ಗುರುತ್ವವನ್ನೂ ಕ್ವಾಂಟಂ ನಿಯಮಗಳನ್ನೂ ಕೂಡಿಸುವ ಶಾಸ್ತ್ರವು ಸಿದ್ಧವಾಗುವವರೆಗೆ ಅಲ್ಲಿ ಆಗುವುದೇನೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು.

ಹಾಗಾದರೆ ಕಪ್ಪುಕುಳಿಯೆಂಬುದು ನಿಜವಾಗಿಯೂ ನೆಲೆನಿಲ್ಲುವ ವಸ್ತುವೆ? ಚಿಕ್ಕದೊಂದು ತಾಕಲಾಟಕ್ಕೆ ಚೂರಾಗದೆ? ಇದನ್ನು ಬಿಡಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರರು, ಕನ್ನಡದ ಹಿರಿಯ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ೧೯೩೮ರಲ್ಲಿ ಹುಟ್ಟಿದ ಇವರು ಅಮೆರಿಕದ ಮೇರಿಲ್ಯಾಂಡಿನಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿದ್ದು, ೧೯೭೦ರಲ್ಲಿ ಎರಡು ಸಂಗತಿಗಳನ್ನು ತೋರಿಸಿದರು. ಕದಲಿಸಿದ ಕಪ್ಪುಕುಳಿಯು ಒಡೆಯುವುದಿಲ್ಲ. ಕದಲಿಕೆ ತಾನಾಗಿ ಅಡಗುತ್ತದೆ. ಅಡಗುವಾಗ, ಬಡಿದ ಗಂಟೆಯ ನಾದವು ಇಳಿಯುತ್ತ ಹೋಗುವಂತೆ, ಗುರುತ್ವದ ಅಲೆಗಳನ್ನು ಹೊರಡಿಸುತ್ತದೆ. ಗಂಟೆಯ ಗಾತ್ರವನ್ನು ಅದರ ಸ್ವರದಿಂದ ಊಹಿಸುವಂತೆ, ಆ ಅಲೆಗಳಿಂದ ಕಪ್ಪುಕುಳಿಯ ದ್ರವ್ಯವನ್ನೂ ತಿರುಗಾಟವನ್ನೂ ಅರಿಯಬಹುದು. ಆದರೆ ಈ ನಾದ ಹುಟ್ಟುವುದು ಎಲ್ಲೆಯ ಹೊರಗೆ. ಒಳಗಿನ ಸುದ್ದಿ ಒಂದಕ್ಷರವೂ ಹೊರಬರದು.

ಇದು ಕಾಗದದ ಮೇಲಿನ ಲೆಕ್ಕವಾಗಿಯೇ ೪೫ ವರ್ಷ ಉಳಿಯಿತು. ಅಷ್ಟರಲ್ಲಿ ವಿಶ್ವೇಶ್ವರರು ತಾಯ್ನಾಡಿಗೆ ಮರಳಿ, ಬೆಂಗಳೂರಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರಾಗಿ, ಶಾಲೆಯ ಮಕ್ಕಳಿಗೆ ಆಕಾಶವನ್ನು ತೋರಿಸಿದ್ದರು. ೨೦೧೫ರ ಸೆಪ್ಟೆಂಬರ್ ೧೪ರಂದು ಅಮೆರಿಕದ ಲೈಗೋ ಉಪಕರಣಗಳು ಎರಡು ಕಪ್ಪುಕುಳಿಗಳು ಕೂಡಿ ಒಂದಾದ ಸದ್ದನ್ನು ಹಿಡಿದುವು. ಅಲೆಯ ಬಾಲದಲ್ಲಿ ಅಡಗುತ್ತಿದ್ದ ನಾದವು ಸಿದ್ಧಾಂತಕ್ಕೆ ಹೊಂದಿತು. ಮರುವರ್ಷದ ಫೆಬ್ರವರಿಯಲ್ಲಿ ಜಗತ್ತಿಗೆ ಈ ವಾರ್ತೆ ಸಾರಿದಾಗ ಅವರು ಇದ್ದರು. ೨೦೧೭ರ ಜನವರಿಯಲ್ಲಿ ತೀರಿಕೊಂಡರು.

ಅಂತಹುದೇ ಉಪಕರಣವೊಂದಕ್ಕೆ ಭಾರತ ಸರ್ಕಾರವು ೨೦೨೩ರ ಏಪ್ರಿಲಿನಲ್ಲಿ ೨,೬೦೦ ಕೋಟಿ ರೂಪಾಯಿಗಳ ಒಪ್ಪಿಗೆಯಿತ್ತಿದೆ. ನಾಲ್ಕು ನಾಲ್ಕು ಕಿಲೋಮೀಟರುಗಳ ಎರಡು ತೋಳುಗಳ ಆ ಯಂತ್ರಕ್ಕೆ ಗೊತ್ತುಮಾಡಿದ ಜಾಗವು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ. ಔರಾದಿನಿಂದ ಉತ್ತರಕ್ಕೆ ಸುಮಾರು ೧೫೦ ಕಿಲೋಮೀಟರು.