ಹೊಲದಲ್ಲಿ ಫೋನ್ ಕಾದರೆ ಏನು ಮಾಡಬೇಕು?

ಬೇಸಿಗೆ ಬೆಳೆ ಸಮೀಕ್ಷೆಯ ಕೊನೆ ದಿನ. ಮಟಮಟ ಮಧ್ಯಾಹ್ನ ಆಪ್‌ನಲ್ಲಿ ಬೆಳೆ ಫೋಟೊ ತೆಗೀತಿದ್ದೆ. ಎರಡನೇ ಸರ್ವೆ ನಂಬರ್‌ಗೆ ಬರೋ ಹೊತ್ತಿಗೆ ಫೋನ್ ಕೈ ಸುಡ್ತಿತ್ತು, ಕ್ಯಾಮೆರಾ ತಾನಾಗೇ ಬಂದ್ ಆಯ್ತು. ಫೋಟೊ ಹೋಗದಿದ್ದರೆ ವಿಮೆ, ಪರಿಹಾರಕ್ಕೆ ತೊಂದರೆ. "ಅಣ್ಣಾ, ನೀರಲ್ಲಿ ಅದ್ದೋಣ್ವಾ?" ಅಂದ ತಮ್ಮ. ಬೇಡವೇ ಬೇಡ!

ಜಿಪಿಎಸ್, ಕ್ಯಾಮೆರಾ, ಪೂರ್ತಿ ಬ್ರೈಟ್‌ನೆಸ್ ಒಟ್ಟಿಗೆ ಓಡಿದರೆ ಫೋನ್ ಕಾಯುತ್ತದೆ. ಸಿಗ್ನಲ್ ಕಮ್ಮಿ ಇದ್ದರೆ ಟವರ್ ಹಿಡಿಯೋಕೆ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ಮೇಲೆ ಬಿಸಿಲು ಬೇರೆ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಅಂತ ಕಂಪನಿಯೇ ಹೇಳುತ್ತದೆ. ನಮ್ಮ ಬೇಸಿಗೆ ಅದನ್ನ ದಾಟುತ್ತೆ.

ಹೀಗೆ ಮಾಡಿ:

• ಫೋಟೊ ಕೆಲಸ ಬೆಳಗ್ಗೆ ಅಥವಾ ಸಂಜೆ ಇಟ್ಟುಕೊಳ್ಳಿ.
• ಕಾದರೆ ನೆರಳಿಗೆ ಬಂದು ಕವರ್ ತೆಗೆಯಿರಿ, ಸ್ವಿಚ್ ಆಫ್ ಮಾಡಿ ತಣಿಯಲು ಬಿಡಿ.
• ಫ್ರಿಜ್‌ನಲ್ಲಿ ಇಡಬೇಡಿ. ದಿಢೀರ್ ತಂಪಿಗೆ ಒಳಗೆ ನೀರಹನಿ ಕಟ್ಟುತ್ತೆ.
• ಟ್ರ್ಯಾಕ್ಟರ್ ಬಾನೆಟ್ ಮೇಲೆ ಇಡಬೇಡಿ. ಬಿಸಿ ಇರುವಾಗ ಚಾರ್ಜ್ ಬೇಡ. ಶಾಖಕ್ಕೆ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತೆ.
• ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಹಾಕಬೇಡಿ. ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ನಾವು ಹುಣಸೆ ಮರದಡಿ ಕೂತು, ಉಳಿದ ಫೋಟೊ ಸಂಜೆ ತೆಗೆದು ಕಳಿಸಿದೆವು. ಎಳೆ ಸಸಿಗೆ ನೆರಳು ಕಟ್ಟೋರು ನಾವು, ಫೋನಿಗೂ ಸ್ವಲ್ಪ ಕೊಡೋಣ.